ಸರದಿಯಲ್ಲಿ ನಿಂತ ಜನ, ಉಳಿದುಹೋದ ಲಸಿಕೆ: 2009ರ ಫ್ಲೂ ಮಹಾಮಾರಿಯ ಚರಿತ್ರೆ

2009ರ ಅಕ್ಟೋಬರ್ ತಿಂಗಳ ಕೊನೆಯ ದಿನಗಳಲ್ಲಿ ಅಮೆರಿಕದ ಹಲವು ಊರುಗಳಲ್ಲಿ ಜನ ಮುಂಜಾನೆಯೇ ಎದ್ದು ಸರದಿಯಲ್ಲಿ ನಿಂತಿದ್ದರು. ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ, ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್‌ನಲ್ಲಿ ಗರ್ಭಿಣಿಯರೂ ಕೈಗೂಸುಗಳನ್ನು ಎತ್ತಿಕೊಂಡ ತಾಯಂದಿರೂ ಗಂಟೆಗಟ್ಟಲೆ ಕಾದರು. ಹಲವೆಡೆ ಲಸಿಕೆ ಮುಗಿದುಹೋಗಿ ಜನ ಬರಿಗೈಯಲ್ಲಿ ಮರಳಿದರು. ಇದಾದ ಎಂಟು ತಿಂಗಳಿಗೆ, ಅಂದರೆ 2010ರ ಜೂನ್ 30ರಂದು, ಅದೇ ದೇಶದಲ್ಲಿ ಅದೇ ಲಸಿಕೆಯ ಸುಮಾರು 4 ಕೋಟಿ ಡೋಸ್‌ಗಳು ಅವಧಿ ಮೀರಿ ನಿರುಪಯುಕ್ತವಾದವು.

ಒಂದೇ ಲಸಿಕೆ ಮೊದಲು ಸಾಲದಾಯಿತು, ಬಳಿಕ ಮಿಕ್ಕಿಹೋಯಿತು. ಇದನ್ನು ಸರ್ಕಾರದ ಅದಕ್ಷತೆ ಎಂದು ತಳ್ಳಿಹಾಕುವುದು ಸುಲಭ. ಔಷಧ ಕಂಪನಿಗಳ ಸಂಚು ಎನ್ನುವುದು ಇನ್ನೂ ಸುಲಭ. ಆದರೆ ನಡೆದದ್ದನ್ನು ಕ್ರಮವಾಗಿ ನೋಡಿದರೆ ಬೇರೊಂದು ಕಥೆ ತೆರೆದುಕೊಳ್ಳುತ್ತದೆ. ಅದರಲ್ಲಿ ಕೋಳಿಮೊಟ್ಟೆಗೂ ಪಾತ್ರವಿದೆ, ಮೂವತ್ತಮೂರು ವರ್ಷಗಳ ಹಿಂದಿನ ಒಂದು ಕಹಿ ನೆನಪಿಗೂ ಪಾತ್ರವಿದೆ. ಕೋವಿಡ್ ಕಾಲವನ್ನು ದಾಟಿ ಬಂದಿರುವ ನಮಗೆ ಈ ಕಥೆ ಪರಿಚಿತವೆನಿಸಬಹುದು. ಆದ್ದರಿಂದಲೇ ಅದನ್ನು ನಮ್ಮ ಸಂಘದ ಓದುಗರ ಮುಂದಿಡಬೇಕೆನಿಸಿತು.

ಮೊಟ್ಟೆಯೊಳಗೆ ಬೆಳೆಯುವ ಲಸಿಕೆ

1918ರ ಇನ್‌ಫ್ಲೂಯೆಂಜಾ ಜಗತ್ತನ್ನು ಆವರಿಸಿದಾಗ ಅದರ ಮೂಲ ಯಾವುದೆಂಬುದೇ ವೈದ್ಯರಿಗೆ ತಿಳಿದಿರಲಿಲ್ಲ. ಅದೊಂದು ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ ಎಂದು ಹಲವರು ನಂಬಿದ್ದರು. ಆಗ ತಯಾರಾದ ಲಸಿಕೆಗಳೂ ಬ್ಯಾಕ್ಟೀರಿಯಾಗಳ ವಿರುದ್ಧವೇ ಇದ್ದವು. ಭಾರತದಲ್ಲಿ ಆ ಪಿಡುಗು ಒಂದು ಕೋಟಿಗೂ ಮೀರಿದ ಜನರನ್ನು ಬಲಿ ತೆಗೆದುಕೊಂಡಿತು. 1911ರಿಂದ 1921ರವರೆಗಿನ ದಶಕದಲ್ಲಿ ದೇಶದ ಜನಸಂಖ್ಯೆ ಏರುವ ಬದಲು ತುಸು ಇಳಿಯಿತು. ನಮ್ಮ ಜನಗಣತಿಯ ಚರಿತ್ರೆಯಲ್ಲಿ ಹಾಗಾದ ದಶಕ ಇಪ್ಪತ್ತನೆಯ ಶತಮಾನದಲ್ಲಿ ಅದೊಂದೇ. ಮನುಷ್ಯರ ಫ್ಲೂ ವೈರಸ್ಸನ್ನು ಲಂಡನ್ನಿನ ವಿಜ್ಞಾನಿಗಳು ಪ್ರತ್ಯೇಕಿಸಿದ್ದು 1933ರಲ್ಲಿ. ಆ ಬಳಿಕವೇ ನಿಜವಾದ ಲಸಿಕೆಯ ದಾರಿ ತೆರೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಥಾಮಸ್ ಫ್ರಾನ್ಸಿಸ್ ಮತ್ತು ಅವರ ಶಿಷ್ಯ ಜೋನಾಸ್ ಸಾಲ್ಕ್ ಈ ಕೆಲಸವನ್ನು ಮುನ್ನಡೆಸಿದರು. 1945ರಲ್ಲಿ ನಾಗರಿಕರ ಬಳಕೆಗೂ ಲಸಿಕೆಗೆ ಅನುಮತಿ ದೊರೆಯಿತು.

ಅಂದು ಕಂಡುಕೊಂಡ ವಿಧಾನವೇ 2009ರಲ್ಲಿಯೂ ಮುಖ್ಯ ವಿಧಾನವಾಗಿತ್ತು. ಸುಮಾರು ಹನ್ನೊಂದು ದಿನ ಕಾವು ಕೊಟ್ಟ, ಭ್ರೂಣವಿರುವ ಕೋಳಿಮೊಟ್ಟೆಯ ದ್ರವಕ್ಕೆ ವೈರಸ್ಸನ್ನು ಸೇರಿಸುತ್ತಾರೆ. ಎರಡು ಮೂರು ದಿನಗಳಲ್ಲಿ ವೈರಸ್ ಅಲ್ಲಿ ವೃದ್ಧಿಯಾಗುತ್ತದೆ. ಬಳಿಕ ದ್ರವವನ್ನು ಹೊರತೆಗೆದು, ವೈರಸ್ಸನ್ನು ರಾಸಾಯನಿಕದಿಂದ ನಿಷ್ಕ್ರಿಯಗೊಳಿಸಿ, ಶುದ್ಧೀಕರಿಸಿ, ಅದರ ಸತ್ವವನ್ನು ಅಳೆದು ಸೀಸೆಗೆ ತುಂಬುತ್ತಾರೆ. ಸ್ಥೂಲವಾಗಿ ಹೇಳುವುದಾದರೆ ಒಂದು ಡೋಸಿಗೆ ಒಂದೆರಡು ಮೊಟ್ಟೆ ಬೇಕು. ಹತ್ತು ಕೋಟಿ ಡೋಸ್ ಬೇಕೆಂದರೆ ಅಷ್ಟು ಮೊಟ್ಟೆ ಹೊಂದಿಸಬೇಕು. ಅಷ್ಟು ಮೊಟ್ಟೆಗೆ ಕೋಳಿಗಳ ಹಿಂಡುಗಳನ್ನು ತಿಂಗಳುಗಳ ಮೊದಲೇ ಸಾಕಬೇಕು. ವೈರಸ್ ಮೊಟ್ಟೆಯಲ್ಲಿ ಹುಲುಸಾಗಿ ಬೆಳೆದರೆ ಸರಿ, ಬೆಳೆಯದಿದ್ದರೆ ಯಾವ ಆಜ್ಞೆಯೂ ಅದನ್ನು ಬೆಳೆಸಲಾರದು. ಹೊಸ ವೈರಸ್ ಕಾಣಿಸಿಕೊಂಡ ದಿನದಿಂದ ಮೊದಲ ಸೂಜಿ ಚುಚ್ಚುವ ದಿನದವರೆಗೆ ಐದಾರು ತಿಂಗಳು ಹಿಡಿಯುವುದು ಇದರಿಂದಲೇ.

1957: ಪತ್ರಿಕೆ ಓದಿದ ವಿಜ್ಞಾನಿ

ಈ ಐದಾರು ತಿಂಗಳ ಓಟದಲ್ಲಿ ಮನುಷ್ಯ ವೈರಸ್ಸಿಗೆ ಸರಿಸಮನಾಗಿ ಓಡಿದ ಮೊದಲ ಉದಾಹರಣೆ 1957ರದು. ಆ ವರ್ಷದ ಏಪ್ರಿಲ್ 17ರಂದು ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೈನಿಕ ಸಂಶೋಧನಾ ಸಂಸ್ಥೆಯ ಮಾರಿಸ್ ಹಿಲ್ಲೆಮನ್ ಅವರು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಹಾಂಗ್‌ಕಾಂಗ್‌ನ ಒಂದು ವರದಿ ಓದಿದರು. ಅಲ್ಲಿ ಆಸ್ಪತ್ರೆಗಳ ಮುಂದೆ ಸಾವಿರಾರು ಜನ ಮಕ್ಕಳನ್ನು ಎತ್ತಿಕೊಂಡು ಸಾಲುಗಟ್ಟಿ ನಿಂತಿರುವ ಸುದ್ದಿ ಅದು. ಇದು ಹೊಸ ವೈರಸ್ಸೇ ಇರಬೇಕೆಂದು ಅವರು ಊಹಿಸಿದರು. ಸೈನ್ಯದ ಜಾಲದ ಮೂಲಕ ರೋಗಿಯ ಮಾದರಿಯನ್ನು ತರಿಸಿಕೊಂಡರು. ಅಮೆರಿಕನ್ನರ ರಕ್ತದಲ್ಲಿ ಅದಕ್ಕೆ ಎದುರಾಗಿ ನಿಲ್ಲುವ ಪ್ರತಿಕಾಯಗಳು ಇವೆಯೇ ಎಂದು ಪರೀಕ್ಷಿಸಿದಾಗ, 1889ರ ಪಿಡುಗನ್ನು ಕಂಡಿದ್ದ ಕೆಲವೇ ಮುದುಕರನ್ನು ಬಿಟ್ಟರೆ ಉಳಿದವರಲ್ಲಿ ಇರಲಿಲ್ಲ. ಶಾಲೆಗಳು ತೆರೆಯುವ ಸೆಪ್ಟೆಂಬರ್ ಹೊತ್ತಿಗೆ ಪಿಡುಗು ಅಮೆರಿಕಕ್ಕೆ ಬರಲಿದೆ ಎಂದು ಅವರು ಮೇ ತಿಂಗಳಲ್ಲೇ ಸಾರಿದರು.

ಹಿಲ್ಲೆಮನ್ ರೈತಕುಟುಂಬದಲ್ಲಿ ಬೆಳೆದವರು. ಮರಿ ಮಾಡುವ ಕಾಲ ಮುಗಿದೊಡನೆ ಕೋಳಿ ಸಾಕುವವರು ಹುಂಜಗಳನ್ನು ಕೊಯ್ಯುತ್ತಾರೆಂಬುದು ಅವರಿಗೆ ಗೊತ್ತಿತ್ತು. ಹುಂಜವಿಲ್ಲದೆ ಭ್ರೂಣವಿರುವ ಮೊಟ್ಟೆ ಎಲ್ಲಿಂದ ಬರಬೇಕು? ಈ ವರ್ಷ ಹುಂಜಗಳನ್ನು ಕೊಲ್ಲಬೇಡಿ ಎಂದು ರೈತರಿಗೆ ತಿಳಿಸುವಂತೆ ಲಸಿಕೆ ತಯಾರಕರಿಗೆ ಅವರು ಹೇಳಿದರು. ವೈದ್ಯಕೀಯದ ಚರಿತ್ರೆಯಲ್ಲಿ ಇಷ್ಟು ವ್ಯಾವಹಾರಿಕವಾದ ಸಲಹೆಗಳು ಹೆಚ್ಚಿಲ್ಲ. ಆ ವರ್ಷದ ಕೊನೆಯ ತಿಂಗಳುಗಳ ಹೊತ್ತಿಗೆ ಸುಮಾರು 4 ಕೋಟಿ ಡೋಸ್ ಸಿದ್ಧವಾಯಿತು.

ಆದರೂ ಅದರಲ್ಲಿ ಬಹುಪಾಲು ಜನರಿಗೆ ತಲುಪುವ ಮೊದಲೇ ಅಕ್ಟೋಬರ್‌ನಲ್ಲಿ ಪಿಡುಗು ತುದಿ ಮುಟ್ಟಿತ್ತು. ಹಂಚಿಕೆಯನ್ನು ಸರ್ಕಾರ ಮಾರುಕಟ್ಟೆಗೂ ಕಂಪನಿಗಳ ಸೌಜನ್ಯಕ್ಕೂ ಬಿಟ್ಟಿತ್ತು. ಯಾರಿಗೆ ಅಗತ್ಯವೋ ಅವರಿಗಿಂತ ಮೊದಲು ಕಂಪನಿಗಳ ನೌಕರರಿಗೂ ಫುಟ್‌ಬಾಲ್ ಆಟಗಾರರಿಗೂ ಲಸಿಕೆ ಸಿಕ್ಕಿತೆಂಬ ದೂರು ಅಲ್ಲಲ್ಲಿ ಕೇಳಿಬಂತು. ಅಮೆರಿಕದಲ್ಲಿ ಆ ಪಿಡುಗಿಗೆ ಸತ್ತವರು ಸುಮಾರು 1,16,000 ಮಂದಿ. ಭಾರತಕ್ಕೆ ಅದು ಮೇ ತಿಂಗಳಲ್ಲಿ ಹಡಗಿನ ಮೂಲಕ ಮದರಾಸು ಬಂದರಿಗೆ ಬಂದಿತು. ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಇನ್‌ಫ್ಲೂಯೆಂಜಾ ಕೇಂದ್ರ ಅದರ ಹೆಜ್ಜೆಗಳನ್ನು ದಾಖಲಿಸಿತು. 1958ರ ಫೆಬ್ರವರಿಯೊಳಗೆ ದೇಶದಲ್ಲಿ ಸುಮಾರು 44 ಲಕ್ಷ ಪ್ರಕರಣಗಳು ವರದಿಯಾದವು.

1976: ಬಾರದ ಪಿಡುಗಿಗೆ ಬಂದ ಲಸಿಕೆ

1957ರಲ್ಲಿ ಲಸಿಕೆ ತಡವಾಯಿತು ಎಂಬ ಅಳುಕು ಅಧಿಕಾರಿಗಳ ಮನಸ್ಸಿನಲ್ಲಿ ಉಳಿದಿತ್ತು. 1968ರ ಹಾಂಗ್‌ಕಾಂಗ್ ಫ್ಲೂ ವೇಳೆಯಲ್ಲಿಯೂ ಅದೇ ಪುನರಾವರ್ತನೆಯಾಗಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇನ್ನೊಮ್ಮೆ ನಿಜವಾಗಬಾರದೆಂದು ಅವರು ಕಾದಿದ್ದರು.

1976ರ ಜನವರಿ ಕೊನೆ ಮತ್ತು ಫೆಬ್ರವರಿಯಲ್ಲಿ ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್ ಸೈನಿಕ ಶಿಬಿರದಲ್ಲಿ ಹಂದಿಗಳ ಫ್ಲೂವನ್ನು ಹೋಲುವ ವೈರಸ್ ಕಾಣಿಸಿಕೊಂಡಿತು. ಒಬ್ಬ ಯುವ ಸೈನಿಕ ತೀರಿಕೊಂಡ. 1918ರ ವೈರಸ್ಸೂ ಇದೇ ಬಗೆಯದೆಂದು ಆಗ ಭಾವಿಸಲಾಗಿತ್ತು. ಮಾರ್ಚ್ 24ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರು, ಪೋಲಿಯೋ ಲಸಿಕೆಯ ಇಬ್ಬರು ದಿಗ್ಗಜರಾದ ಸಾಲ್ಕ್ ಮತ್ತು ಸೇಬಿನ್ ಜೊತೆಗಿರುವಂತೆ, ದೇಶದ ಪ್ರತಿಯೊಬ್ಬರಿಗೂ ಲಸಿಕೆ ಹಾಕಿಸುವ ಯೋಜನೆ ಪ್ರಕಟಿಸಿದರು. ಅದಕ್ಕಾಗಿ 13.5 ಕೋಟಿ ಡಾಲರ್ ಮಂಜೂರಾಯಿತು. ಲಸಿಕೆಯಿಂದ ಯಾರಿಗಾದರೂ ತೊಂದರೆಯಾದರೆ ಪರಿಹಾರದ ಹೊಣೆ ಹೊರಲು ವಿಮಾ ಕಂಪನಿಗಳು ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ಸರ್ಕಾರವೇ ಆ ಹೊಣೆಯನ್ನು ವಹಿಸಿಕೊಳ್ಳುವ ಕಾನೂನು ಬಂತು. ವಿಮೆಯವರೇ ಹಿಂಜರಿಯುತ್ತಿದ್ದಾರೆಂದರೆ ಇದರಲ್ಲೇನೋ ಅಪಾಯವಿದೆ ಎಂದು ಜನ ಯೋಚಿಸಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಅಕ್ಟೋಬರ್ 1ರಂದು ಲಸಿಕೆ ಹಾಕುವುದು ಶುರುವಾಯಿತು. ಹತ್ತೇ ದಿನಗಳಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಲಸಿಕೆ ಪಡೆದ ಮೂವರು ವೃದ್ಧರು ಒಂದೇ ದಿನ ಸತ್ತ ಸುದ್ದಿ ಹಬ್ಬಿತು. ಆ ವಯಸ್ಸಿನವರಲ್ಲಿ ಪ್ರತಿದಿನ ಸಂಭವಿಸುವ ಹೃದಯಾಘಾತಗಳ ಲೆಕ್ಕದಲ್ಲಿ ಅದು ಕಾಕತಾಳೀಯವೆಂದು ತಜ್ಞರು ಹೇಳಿದರೂ ಹಲವು ರಾಜ್ಯಗಳು ಲಸಿಕೆ ನಿಲ್ಲಿಸಿದವು. ಜನರ ಧೈರ್ಯಕ್ಕಾಗಿ ಅಧ್ಯಕ್ಷರು ಅಕ್ಟೋಬರ್ 14ರಂದು ಟಿವಿ ಕ್ಯಾಮೆರಾಗಳ ಮುಂದೆ ತೋಳು ಚಾಚಿದರು. ಅನಂತರ ಇನ್ನೊಂದು ಸಮಸ್ಯೆ ತಲೆದೋರಿತು. ಲಸಿಕೆ ಪಡೆದವರಲ್ಲಿ ಗಿಲ್ಲನ್-ಬಾರೆ ಸಿಂಡ್ರೋಮ್, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ನರಗಳ ಮೇಲೆ ಎರಗಿ ಕೈಕಾಲು ಶಕ್ತಿಗುಂದುವ ಕಾಯಿಲೆ, ಎಂದಿಗಿಂತ ಹೆಚ್ಚಾಗಿ ಕಂಡಿತು. ಲಸಿಕೆ ಪಡೆದ ಒಂದು ಲಕ್ಷ ಜನರಲ್ಲಿ ಸುಮಾರು ಒಂದು ಹೆಚ್ಚುವರಿ ಪ್ರಕರಣ. ಇದು ಕಾಕತಾಳೀಯವಾಗಿರಲಿಲ್ಲ. ಡಿಸೆಂಬರ್ 16ರಂದು ಯೋಜನೆ ನಿಂತಿತು. ಅಷ್ಟರಲ್ಲಿ 4 ಕೋಟಿಗೂ ಹೆಚ್ಚು ಜನ ಲಸಿಕೆ ಪಡೆದಿದ್ದರು. ಫೋರ್ಟ್ ಡಿಕ್ಸ್ ಬೇಲಿಯ ಆಚೆಗೆ ಆ ವೈರಸ್ ಹರಡಲೇ ಇಲ್ಲ.

ಇಲ್ಲೊಂದು ಮಾತನ್ನು ವೈದ್ಯನಾಗಿ ಹೇಳಬೇಕು. ಲಕ್ಷಕ್ಕೆ ಒಂದು ಎಂಬ ಅಪಾಯ, ಮನೆಮನೆಗೆ ಸಾವು ತರುವ ಪಿಡುಗಿನ ಮುಂದೆ ಸಣ್ಣದು. ಪಿಡುಗೇ ಬಾರದಿದ್ದಾಗ ಅದೇ ಅಪಾಯ ಅಕ್ಷಮ್ಯ. ಲಸಿಕೆಯ ತೂಕವನ್ನು ರೋಗದ ತೂಕದೊಡನೆ ಇಟ್ಟೇ ಅಳೆಯಬೇಕು. ಲಸಿಕೆಯನ್ನು ತಯಾರಿಸುವ ತೀರ್ಮಾನವನ್ನೂ ಅದನ್ನು ಜನರಿಗೆ ಚುಚ್ಚುವ ತೀರ್ಮಾನವನ್ನೂ ಒಟ್ಟಿಗೆ ಕಟ್ಟಿದ್ದು 1976ರ ದೊಡ್ಡ ದೋಷವೆಂದು ಮುಂದೆ ವಿಮರ್ಶಕರು ಗುರುತಿಸಿದರು. ತಯಾರಿಸಿ ಗೋದಾಮಿನಲ್ಲಿಟ್ಟು, ಪಿಡುಗು ಬಂದರೆ ಹೊರತೆಗೆಯಬಹುದಿತ್ತು.

2009: ರೋಗ ಮುಂದೆ, ಲಸಿಕೆ ಹಿಂದೆ

2009ರ ಏಪ್ರಿಲ್ ಮಧ್ಯದಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಮಕ್ಕಳಲ್ಲಿ ಹೊಸ ಎಚ್1ಎನ್1 ವೈರಸ್ ಪತ್ತೆಯಾಯಿತು. ಮೆಕ್ಸಿಕೋದಲ್ಲಿ ಆಗಲೇ ಸಾವುಗಳು ಸಂಭವಿಸುತ್ತಿದ್ದವು. ಏಪ್ರಿಲ್ 26ರಂದು ಅಮೆರಿಕ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು. ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಇದು ಮಹಾಮಾರಿ ಎಂದು ಸಾರಿತು. ಈಜಿಪ್ಟ್ ತನ್ನ ದೇಶದ ಸುಮಾರು ಮೂರು ಲಕ್ಷ ಹಂದಿಗಳ ಹತ್ಯೆಗೆ ಆದೇಶಿಸಿತು. ಹಂದಿಜ್ವರ ಎಂಬ ಹೆಸರಿದ್ದರೂ ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಕಾಯಿಲೆ. ಹಂದಿಗಳನ್ನು ಕೊಂದು ಏನೂ ಸಾಧಿಸುವಂತಿರಲಿಲ್ಲ. ಅಮೆರಿಕದಲ್ಲಿ ನೂರಾರು ಶಾಲೆಗಳು ಮುಚ್ಚಿದವು. ರೋಗ ಮೊದಲು ಅಂದುಕೊಂಡಷ್ಟು ಉಗ್ರವಲ್ಲವೆಂದು ಕಂಡಾಗ, ಮೇ ಮೊದಲ ವಾರದಲ್ಲಿ, ಮುಚ್ಚುವ ಸಲಹೆಯನ್ನು ಹಿಂತೆಗೆದುಕೊಳ್ಳಲಾಯಿತು.

ಈ ವೈರಸ್ಸಿಗೆ ಒಂದು ವಿಚಿತ್ರ ಗುಣವಿತ್ತು. ಮಾಮೂಲಿ ಫ್ಲೂ ಕೊಲ್ಲುವುದು ಹೆಚ್ಚಾಗಿ ಮುದುಕರನ್ನು. 1957ಕ್ಕೆ ಮೊದಲು ಹುಟ್ಟಿದ ಹಲವರ ದೇಹಕ್ಕೆ ಈ ಬಗೆಯ ವೈರಸ್ಸಿನ ಹಳೆಯ ಪರಿಚಯವಿದ್ದುದರಿಂದ ಅವರು ಬಹುಮಟ್ಟಿಗೆ ಪಾರಾದರು. ಜಗತ್ತಿನಾದ್ಯಂತ ಸತ್ತವರಲ್ಲಿ ಶೇ. 80ರಷ್ಟು ಮಂದಿ 65 ವರ್ಷಕ್ಕಿಂತ ಕಿರಿಯರು. ಅಮೆರಿಕದ ಜನಸಂಖ್ಯೆಯಲ್ಲಿ ಗರ್ಭಿಣಿಯರ ಪಾಲು ಶೇ. 1ರಷ್ಟಿದ್ದರೆ ಸಾವುಗಳಲ್ಲಿ ಅವರ ಪಾಲು ಶೇ. 5ರಷ್ಟಿತ್ತು. ಬಹುಪಾಲು ಜನಕ್ಕೆ ಮೂರು ನಾಲ್ಕು ದಿನದ ಜ್ವರ; ಕೆಲವು ಆರೋಗ್ಯವಂತ ತರುಣರಿಗೆ ಮಾತ್ರ ಕೃತಕ ಉಸಿರಾಟದ ಯಂತ್ರ. ಇಂಥ ಎರಡು ಮುಖದ ರೋಗವನ್ನು ಜನರಿಗೆ ವಿವರಿಸುವುದು ಬಹಳ ಕಷ್ಟ.

1976ರ ಪಾಠವನ್ನು ಅಧಿಕಾರಿಗಳು ಮರೆತಿರಲಿಲ್ಲ. ಈ ಸಲ ತಯಾರಿಕೆಯ ತೀರ್ಮಾನ ಬೇರೆ, ಹಾಕುವ ತೀರ್ಮಾನ ಬೇರೆ ಎಂದು ಮೊದಲೇ ಸ್ಪಷ್ಟಪಡಿಸಿದರು. ಅಡ್ಡಪರಿಣಾಮಗಳ ನಿಗಾ ವ್ಯವಸ್ಥೆಯನ್ನು ಬಿಗಿಗೊಳಿಸಿದರು. ಮೇ ಕೊನೆಯ ಹೊತ್ತಿಗೆ ಬೀಜವೈರಸ್ ಕಂಪನಿಗಳ ಕೈಸೇರಿತು. ಆದರೆ ಮೊಟ್ಟೆ ಸಹಕರಿಸಲಿಲ್ಲ. ಮಾಮೂಲಿ ಫ್ಲೂ ಲಸಿಕೆಯ ಇಳುವರಿಗಿಂತ ಬಹಳ ಕಡಿಮೆ ಇಳುವರಿ ಬಂತು.

ಇದರ ಜೊತೆಗೆ ಭೂಗೋಳದ ಸಮಸ್ಯೆಯೂ ಇತ್ತು. ಅಮೆರಿಕ ಲಸಿಕೆಯನ್ನು ಐದು ಕಂಪನಿಗಳಿಂದ ಕೊಂಡಿತ್ತು. ಅವುಗಳಲ್ಲಿ ಸೂಜಿಮದ್ದಿನ ಫ್ಲೂ ಲಸಿಕೆಯನ್ನು ಅಮೆರಿಕದ ನೆಲದಲ್ಲೇ ಬೆಳೆಸುತ್ತಿದ್ದದ್ದು ಪೆನ್ಸಿಲ್ವೇನಿಯಾದ ಒಂದು ಕಾರ್ಖಾನೆ ಮಾತ್ರ. ಆಸ್ಟ್ರೇಲಿಯಾದ ಕಂಪನಿ ಮೊದಲು ಆಸ್ಟ್ರೇಲಿಯಾದ ಬೇಡಿಕೆಯನ್ನು ಪೂರೈಸಬೇಕಾಯಿತು. ಐದು ವರ್ಷಗಳ ಹಿಂದೆಯೇ, 2004ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನ ಒಂದು ಕಾರ್ಖಾನೆಯ ಪರವಾನಗಿ ಅಮಾನತಾದಾಗ ಅಮೆರಿಕದ ಆ ವರ್ಷದ ಫ್ಲೂ ಲಸಿಕೆಯಲ್ಲಿ ಹೆಚ್ಚುಕಡಿಮೆ ಅರ್ಧ ಇಲ್ಲವಾಗಿತ್ತು. ಹೊರಗಿನ ಬಾವಿಯ ನೀರನ್ನು ನಂಬಿಕೊಂಡ ಮನೆಯ ಪಾಡು ಅದು.

ಮಾತು ಮತ್ತು ಎಣಿಕೆ

ನನ್ನ ದೃಷ್ಟಿಯಲ್ಲಿ ಆ ವರ್ಷದ ಅತಿದೊಡ್ಡ ಪೆಟ್ಟು ಬಿದ್ದದ್ದು ಮೊಟ್ಟೆಯಿಂದಲ್ಲ, ಮುಂಗಡವಾಗಿ ಹೇಳಿದ ಅಂಕಿಗಳಿಂದ. ಅಕ್ಟೋಬರ್ ಮಧ್ಯದ ಹೊತ್ತಿಗೆ 12 ಕೋಟಿ ಡೋಸ್ ದೊರೆಯಬಹುದೆಂದು ಬೇಸಿಗೆಯಲ್ಲಿ ಅಂದಾಜಿಸಲಾಗಿತ್ತು. ಆಗಸ್ಟ್‌ನಲ್ಲಿ ಅದು ನಾಲ್ಕೂವರೆ ಕೋಟಿಗೆ ಇಳಿಯಿತು. ಅಕ್ಟೋಬರ್ ಕೊನೆಗೆ ನಿಜವಾಗಿ ಸಿಕ್ಕಿದ್ದು 3 ಕೋಟಿಗಿಂತ ಕಡಿಮೆ. ಮೊದಲ ಡೋಸ್‌ಗಳು ಅಕ್ಟೋಬರ್ 5ರಂದು ಮೂಗಿಗೆ ಸಿಂಪಡಿಸುವ ಲಸಿಕೆಯ ರೂಪದಲ್ಲಿ ಬಂದವು. ಆದರೆ ಅದನ್ನು ಗರ್ಭಿಣಿಯರಿಗೆ ಕೊಡುವಂತಿರಲಿಲ್ಲ. ಅದೇ ತಿಂಗಳ ಕೊನೆಗೆ ಪಿಡುಗಿನ ಎರಡನೆಯ ಅಲೆ ತುದಿ ಮುಟ್ಟಿತು. ಅಕ್ಟೋಬರ್ 24ರಂದು ಅಧ್ಯಕ್ಷ ಬರಾಕ್ ಒಬಾಮ ಅವರು ರಾಷ್ಟ್ರೀಯ ತುರ್ತುಸ್ಥಿತಿ ಘೋಷಿಸಿದ ಸುದ್ದಿ ಹೊರಬಿತ್ತು. ಬೇಡಿಕೆ ಅತಿ ಹೆಚ್ಚಿದ್ದ ವಾರಗಳೂ ಪೂರೈಕೆ ಅತಿ ಕಡಿಮೆಯಿದ್ದ ವಾರಗಳೂ ಒಂದೇ ಆದವು.

ಯಾರಿಗೆ ಮೊದಲು? ಗರ್ಭಿಣಿಯರು, ಆರು ತಿಂಗಳೊಳಗಿನ ಶಿಶುಗಳನ್ನು ನೋಡಿಕೊಳ್ಳುವವರು, ಆರೋಗ್ಯ ಸಿಬ್ಬಂದಿ, 24 ವರ್ಷದವರೆಗಿನ ಮಕ್ಕಳು ಮತ್ತು ತರುಣರು, ದೀರ್ಘಕಾಲದ ಕಾಯಿಲೆಯಿರುವ 64 ವರ್ಷದವರೆಗಿನ ವಯಸ್ಕರು ಎಂದು ತಜ್ಞರ ಸಮಿತಿ ಜುಲೈನಲ್ಲಿ ಪಟ್ಟಿ ಮಾಡಿತ್ತು. ಇವರೆಲ್ಲ ಸೇರಿದರೆ ಸುಮಾರು 16 ಕೋಟಿ ಜನ. ಅಂದರೆ ದೇಶದ ಅರ್ಧ. ಕೊರತೆಯಾದರೆ ಇನ್ನೂ ಕಿರಿದಾದ ಪಟ್ಟಿ ಬಳಸಿ ಎಂದೂ ಹೇಳಿತ್ತು. ಕೆಲವು ರಾಜ್ಯಗಳು ದೊಡ್ಡ ಪಟ್ಟಿ ಹಿಡಿದವು, ಕೆಲವು ಚಿಕ್ಕದನ್ನು. ಒಂದು ಕೌಂಟಿಯಲ್ಲಿ ಸಿಕ್ಕ ಲಸಿಕೆ ಪಕ್ಕದ ಕೌಂಟಿಯಲ್ಲಿ ಸಿಗಲಿಲ್ಲ. ನವೆಂಬರ್ ಮೊದಲಲ್ಲಿ ನ್ಯೂಯಾರ್ಕ್‌ನ ದೊಡ್ಡ ಹಣಕಾಸು ಸಂಸ್ಥೆಗಳ ಚಿಕಿತ್ಸಾಲಯಗಳಿಗೆ ಲಸಿಕೆ ಹೋದ ಸುದ್ದಿ ಬಂದಾಗ ಜನ ಕೆರಳಿದರು. ಅಪಾಯದಲ್ಲಿರುವ ನೌಕರರಿಗಾಗಿಯೇ ಅದು ಹೋಗಿತ್ತು, ಪ್ರಮಾಣವೂ ಸಣ್ಣದು. ಆದರೆ ಹಿಂದಿನ ವರ್ಷದ ಆರ್ಥಿಕ ಕುಸಿತದ ಗಾಯ ಇನ್ನೂ ಹಸಿಯಾಗಿದ್ದ ಜನರಿಗೆ ಆ ವಿವರಣೆ ರುಚಿಸಲಿಲ್ಲ. ಜರ್ಮನಿಯಲ್ಲಿ ಸರ್ಕಾರಿ ಅಧಿಕಾರಿಗಳಿಗೂ ಸೈನಿಕರಿಗೂ ಒಂದು ಲಸಿಕೆ, ಜನಸಾಮಾನ್ಯರಿಗೆ ಇನ್ನೊಂದು ಎಂಬ ಸುದ್ದಿ ಅಲ್ಲಿನ ಅಭಿಯಾನದ ಮೊದಲ ವಾರವನ್ನೇ ಕೆಡಿಸಿತು.

ನವೆಂಬರ್‌ನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ನಡೆಸಿದ ಸಮೀಕ್ಷೆಯಲ್ಲಿ, ಲಸಿಕೆಗಾಗಿ ಪ್ರಯತ್ನಿಸಿದ ವಯಸ್ಕರಲ್ಲಿ ಮೂರನೆಯ ಎರಡು ಭಾಗಕ್ಕೂ ಹೆಚ್ಚು ಜನ ತಮಗೆ ಸಿಗಲಿಲ್ಲವೆಂದರು. ಅದೇ ಹೊತ್ತಿನಲ್ಲಿ ಇನ್ನೊಂದು ದೊಡ್ಡ ಗುಂಪು ಲಸಿಕೆಯೇ ಬೇಡವೆನ್ನುತ್ತಿತ್ತು. 'ಇಷ್ಟು ಬೇಗ ತಯಾರಿಸಿದ್ದು ಸುರಕ್ಷಿತವೇ?', '1976ರಲ್ಲಿ ಏನಾಯಿತು ಗೊತ್ತಲ್ಲ?' ಎಂಬ ಪ್ರಶ್ನೆಗಳು ಎಲ್ಲೆಡೆ ಇದ್ದವು.

ಆಗ ನಾನು ಅಮೆರಿಕದ ಒಂದು ಬೋಧನಾ ಆಸ್ಪತ್ರೆಯಲ್ಲಿ ಕಿರಿಯ ವೈದ್ಯನಾಗಿದ್ದೆ. ಕನ್ನಡ ಗೆಳೆಯರ ಬಳಗದಲ್ಲಿ ವೈದ್ಯರು ಕಡಿಮೆ ಇದ್ದುದರಿಂದ ಫೋನ್ ಕರೆಗಳೆಲ್ಲ ನನಗೇ ಬರುತ್ತಿದ್ದವು. ಅಕ್ಟೋಬರ್‌ನಲ್ಲಿ ಎಲ್ಲರ ಪ್ರಶ್ನೆ ಒಂದೇ: "ಡಾಕ್ಟ್ರೇ, ಮಗೂಗೆ ಎಲ್ಲಿ ಹಾಕಿಸ್ಲಿ? ಮೂರು ಕಡೆ ಹೋಗಿ ಬಂದ್ವಿ, ಎಲ್ಲೂ ಇಲ್ವಂತೆ." ಜನವರಿಯಲ್ಲಿ ಔಷಧಿ ಅಂಗಡಿಗಳಲ್ಲೂ ಲಸಿಕೆ ಸಿಗುತ್ತಿತ್ತು. ನೆನಪಿಸಲು ನಾನೇ ಕರೆ ಮಾಡಿದರೆ ಅದೇ ಮನೆಗಳಿಂದ ಉತ್ತರ: "ಈಗೇನು ಬೇಕು ಬಿಡಿ, ಎಲ್ಲಾ ಮುಗೀತಲ್ಲ." ಈ ಎರಡು ಮಾತುಗಳ ನಡುವಿನ ಮೂರು ತಿಂಗಳಲ್ಲೇ ಆ ಮಹಾಮಾರಿಯ ಲಸಿಕೆಯ ಕಥೆಯೆಲ್ಲ ಅಡಗಿದೆ ಎಂದು ನನಗೆ ಈಗಲೂ ಅನಿಸುತ್ತದೆ. ಅವರು ಅವಿವೇಕಿಗಳಾಗಿರಲಿಲ್ಲ. ಬೇಕೆಂದಾಗ ಸಿಗದೆ, ಸಿಕ್ಕಾಗ ಬೇಡವಾದ ವಸ್ತುವಿನ ಬಗ್ಗೆ ಯಾರಿಗೇ ಆದರೂ ಹಾಗೆ ಅನಿಸುತ್ತಿತ್ತು.

ನಮ್ಮ ನಾಡಿನಲ್ಲಿ

ಭಾರತದ ಮೊದಲ ಪ್ರಕರಣ 2009ರ ಮೇ ಮಧ್ಯದಲ್ಲಿ, ಅಮೆರಿಕದಿಂದ ಹೈದರಾಬಾದಿಗೆ ಬಂದಿಳಿದ ಪ್ರಯಾಣಿಕರಲ್ಲಿ ಪತ್ತೆಯಾಯಿತು. ಮೊದಲ ಸಾವು ಆಗಸ್ಟ್ 3ರಂದು ಪುಣೆಯ ಶಾಲಾ ಬಾಲಕಿಯದು. ಅಲ್ಲಿಂದ ಭಯ ರೋಗಕ್ಕಿಂತ ವೇಗವಾಗಿ ಹರಡಿತು. ಪುಣೆ, ಮುಂಬಯಿಗಳಲ್ಲಿ ಶಾಲೆಗಳೂ ಚಿತ್ರಮಂದಿರಗಳೂ ಮುಚ್ಚಿದವು. ಮುಖಗವಸುಗಳ ಬೆಲೆ ಏರಿತು. ಕರ್ಪೂರ, ಏಲಕ್ಕಿ ಕಟ್ಟಿದ ಬಟ್ಟೆಯ ಗಂಟು ಮೂಸುವ ರೂಢಿ ಹಬ್ಬಿತು. ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಲ್ಲಿ ಚಿಕಿತ್ಸೆಯೂ ನಿಮ್ಹಾನ್ಸ್‌ನಲ್ಲಿ ಮಾದರಿಗಳ ಪರೀಕ್ಷೆಯೂ ನಡೆದವು. ಆ ಆಗಸ್ಟ್‌ನಲ್ಲಿ ಊರಿಗೆ ಹೊರಟಿದ್ದ ಅನಿವಾಸಿ ಕುಟುಂಬಗಳಿಗೆ ವಿಮಾನ ನಿಲ್ದಾಣದ ತಪಾಸಣೆಯ ಸಾಲುಗಳು ನೆನಪಿರಬಹುದು.

ಆದರೆ ಲಸಿಕೆ? ಶ್ರೀಮಂತ ದೇಶಗಳು ಕಂಪನಿಗಳೊಡನೆ ಮುಂಗಡ ಒಪ್ಪಂದ ಮಾಡಿಕೊಂಡು ಜಗತ್ತಿನ ಉತ್ಪಾದನೆಯ ಬಹುಪಾಲನ್ನು ಮೊದಲೇ ಕಾದಿರಿಸಿದ್ದವು. ಭಾರತ ಸ್ವಂತ ಲಸಿಕೆಯ ಹಾದಿ ಹಿಡಿಯಿತು. 2010ರ ಜೂನ್‌ನಲ್ಲಿ ಝೈಡಸ್ ಕ್ಯಾಡಿಲಾ ಕಂಪನಿಯ ಸೂಜಿಮದ್ದು, ಜುಲೈನಲ್ಲಿ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಮೂಗಿಗೆ ಸಿಂಪಡಿಸುವ ಲಸಿಕೆ ಮಾರುಕಟ್ಟೆಗೆ ಬಂದವು. ಆಗಸ್ಟ್ 10ರಂದು ವಿಶ್ವ ಆರೋಗ್ಯ ಸಂಸ್ಥೆ ಮಹಾಮಾರಿ ಮುಗಿಯಿತೆಂದು ಘೋಷಿಸಿತು. ತಡವಾದರೂ ಆ ಪ್ರಯತ್ನ ವ್ಯರ್ಥವಾಗಲಿಲ್ಲ. ಎಚ್1ಎನ್1 ಮುಂದಿನ ವರ್ಷಗಳಲ್ಲಿಯೂ ನಮ್ಮಲ್ಲಿ ಮರಳಿ ಮರಳಿ ಬಂತು, 2015ರಲ್ಲಿ ಕರ್ನಾಟಕವನ್ನೂ ಕಾಡಿತು.

ಬಡದೇಶಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ದಾನವಾಗಿ ಸಂಗ್ರಹಿಸಿದ ಲಸಿಕೆಯ ವಿತರಣೆ ಆರಂಭವಾದದ್ದು 2010ರ ಮೊದಲ ತಿಂಗಳುಗಳಲ್ಲಿ. ಕೊನೆಗೆ 77 ದೇಶಗಳಿಗೆ 7.8 ಕೋಟಿ ಡೋಸ್ ತಲುಪಿತು. ಹಸಿವಾದಾಗ ಬಾರದೆ ಊಟ ಮುಗಿದ ಮೇಲೆ ಬಂದ ಬುತ್ತಿ ಅದು. ತಮ್ಮ ನೆಲದ ವೈರಸ್ ಮಾದರಿಗಳನ್ನು ಕೊಡುವ ದೇಶಗಳಿಗೆ ಅವುಗಳಿಂದ ತಯಾರಾದ ಲಸಿಕೆಯಲ್ಲಿ ಪಾಲಿಲ್ಲವೇ ಎಂದು ಇಂಡೋನೇಷ್ಯಾ 2007ರಲ್ಲೇ ಹಕ್ಕಿಜ್ವರದ ಸಂದರ್ಭದಲ್ಲಿ ಕೇಳಿತ್ತು. 2009ರ ಅನುಭವ ಆ ಪ್ರಶ್ನೆಗೆ ಬಲ ತಂದಿತು. 2011ರ ಮೇ ತಿಂಗಳಲ್ಲಿ, ವೈರಸ್ ಹಂಚಿಕೊಳ್ಳುವುದನ್ನೂ ಲಸಿಕೆಯಲ್ಲಿ ಪಾಲು ಕೊಡುವುದನ್ನೂ ಒಂದೇ ಒಪ್ಪಂದದಡಿ ತರುವ ಚೌಕಟ್ಟಿಗೆ ವಿಶ್ವ ಆರೋಗ್ಯ ಸಭೆ ಒಪ್ಪಿಗೆ ನೀಡಿತು.

ಲೆಕ್ಕ ಒಪ್ಪಿಸುವ ಹೊತ್ತು

ಡಿಸೆಂಬರ್ ಕೊನೆಗೆ ಅಮೆರಿಕದಲ್ಲಿ ಲಸಿಕೆಯ ಪೂರೈಕೆ 10 ಕೋಟಿ ದಾಟಿತು. ಯಾರು ಬೇಕಾದರೂ ಪಡೆಯಬಹುದೆಂದು ಬಾಗಿಲು ತೆರೆಯಿತು. ಬರುವವರು ವಿರಳವಾದರು. ಒಟ್ಟಿನಲ್ಲಿ ನಾಲ್ವರಲ್ಲಿ ಒಬ್ಬ ಅಮೆರಿಕನ್ ಲಸಿಕೆ ಪಡೆದ. ಫ್ರಾನ್ಸ್ 9.4 ಕೋಟಿ ಡೋಸ್‌ಗೆ ಬೇಡಿಕೆ ಸಲ್ಲಿಸಿ, ಜನವರಿಯಲ್ಲಿ 5 ಕೋಟಿಯನ್ನು ರದ್ದುಪಡಿಸಿತು. ಪೋಲೆಂಡ್ ಕೊಳ್ಳಲೇ ಇಲ್ಲ.

ಮೊದಲ ಒಂದು ವರ್ಷದಲ್ಲಿ ಅಮೆರಿಕದಲ್ಲಿ ಸುಮಾರು 6 ಕೋಟಿ ಜನರಿಗೆ ಸೋಂಕು ತಗುಲಿ, 2,74,000 ಮಂದಿ ಆಸ್ಪತ್ರೆ ಸೇರಿ, ಸುಮಾರು 12,500 ಜನ ಸತ್ತರೆಂದು ಅಂದಾಜು. ಜಗತ್ತಿನಲ್ಲಿ ಸತ್ತವರು ಒಂದೂವರೆ ಲಕ್ಷದಿಂದ ಐದೂಮುಕ್ಕಾಲು ಲಕ್ಷದವರೆಗೆ. 'ಸುಮ್ಮನೆ ಹೆದರಿಸಿದರು' ಎಂದು ಬಳಿಕ ಅನೇಕರು ಹೇಳಿದರು. ಸತ್ತವರ ಮನೆಗಳಲ್ಲಿ ಯಾರೂ ಹಾಗೆ ಹೇಳಿರಲಾರರು.

ಲಸಿಕೆ ಸುರಕ್ಷಿತವಾಗಿತ್ತೇ? ಅಮೆರಿಕದಲ್ಲಿ ಬಳಸಿದ ಲಸಿಕೆಯಿಂದ ಗಿಲ್ಲನ್-ಬಾರೆ ಅಪಾಯ ಹತ್ತು ಲಕ್ಷಕ್ಕೆ ಒಂದೆರಡು ಹೆಚ್ಚುವರಿ ಪ್ರಕರಣಗಳಷ್ಟೆಂದು ಅಧ್ಯಯನಗಳು ತೋರಿಸಿದವು. 1976ರ ಪ್ರಮಾಣಕ್ಕಿಂತ ಎಷ್ಟೋ ಕಡಿಮೆ. ಆದರೆ ಯುರೋಪಿನಲ್ಲಿ ಬಳಸಿದ ಪ್ಯಾಂಡೆಮ್ರಿಕ್ಸ್ ಎಂಬ ಲಸಿಕೆ ಪಡೆದ ಮಕ್ಕಳು ಮತ್ತು ಹದಿಹರೆಯದವರಲ್ಲಿ ನಾರ್ಕೊಲೆಪ್ಸಿ, ಅಂದರೆ ಹಗಲಿನಲ್ಲೂ ತಡೆಯಲಾಗದ ನಿದ್ದೆ ಎರಗುವ ಕಾಯಿಲೆ, ಹೆಚ್ಚಿದ್ದನ್ನು 2010ರ ಆಗಸ್ಟ್‌ನಿಂದ ಫಿನ್ಲೆಂಡ್ ಮತ್ತು ಸ್ವೀಡನ್ ವರದಿ ಮಾಡಿದವು. ಇದನ್ನು ಮುಚ್ಚಿಡದೆ ಹೇಳಬೇಕು. ಅಪರೂಪದ ಹಾನಿಯನ್ನು ಪತ್ತೆಹಚ್ಚಿ ಬಹಿರಂಗವಾಗಿ ಒಪ್ಪಿಕೊಂಡ ವ್ಯವಸ್ಥೆಯನ್ನೇ ಮುಂದಿನ ಸಲ ನಂಬಬಹುದು.

ಕೆಲವು ಪಾಠಗಳು ಕಲಿಕೆಯಾದವು. 2012ರ ಕೊನೆಯಲ್ಲಿ ಮೊಟ್ಟೆಯ ಬದಲು ಜೀವಕೋಶಗಳಲ್ಲಿ ಬೆಳೆಸಿದ ಫ್ಲೂ ಲಸಿಕೆಗೂ, 2013ರ ಜನವರಿಯಲ್ಲಿ ವೈರಸ್ಸೇ ಬೇಕಿಲ್ಲದೆ ಅದರ ಪ್ರೋಟೀನನ್ನು ಮಾತ್ರ ತಯಾರಿಸುವ ಲಸಿಕೆಗೂ ಅಮೆರಿಕದಲ್ಲಿ ಅನುಮತಿ ದೊರೆಯಿತು. ಕೋವಿಡ್‌ನ ಮೊದಲ ಲಸಿಕೆಗಳು ಒಂದು ವರ್ಷದೊಳಗೆ, 2020ರ ಡಿಸೆಂಬರ್‌ನಲ್ಲಿ, ಬಂದವು. ಕಾರ್ಖಾನೆಯ ವೇಗ ಹೆಚ್ಚಿತು. ಆದರೂ ಸರದಿಯ ಗೊಂದಲ, ಬಡದೇಶಗಳ ಕಾಯುವಿಕೆ, ಕೊನೆಗೆ ಉಳಿದುಹೋದ ಸೀಸೆಗಳು ಮತ್ತೆ ಕಂಡವು. ಯಂತ್ರಗಳಿಗೆ ಕಲಿಸಿದಷ್ಟು ಬೇಗ ಸಮಾಜಕ್ಕೆ ಕಲಿಸಲಾಗುವುದಿಲ್ಲ.

ನಮ್ಮ ಪಾಲಿನ ಕೆಲಸ

ಈ ಚರಿತ್ರೆಯಿಂದ ನಮ್ಮ ಕುಟುಂಬಗಳು ಏನನ್ನು ಪಡೆಯಬಹುದು? ಮೊದಲನೆಯದು, ಅಧಿಕಾರಿಗಳು ಹೇಳುವ ಅಂಕಿಗಳನ್ನು ಭರವಸೆಯೆಂದಲ್ಲ, ಅಂದಾಜೆಂದು ಕೇಳಿಸಿಕೊಳ್ಳಬೇಕು. ಎರಡನೆಯದು, ಆದ್ಯತೆಯ ಪಟ್ಟಿಯಲ್ಲಿ ನಮ್ಮ ಮನೆಯವರು ಯಾರಿದ್ದಾರೆಂದು ಮೊದಲೇ ತಿಳಿದಿರಬೇಕು. ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ಆಸ್ತಮಾ, ಮಧುಮೇಹ, ಹೃದ್ರೋಗ ಇರುವವರು ಪ್ರತಿವರ್ಷವೂ ಫ್ಲೂ ಲಸಿಕೆಗೆ ಮೊದಲು ನಿಲ್ಲಬೇಕಾದವರು. ಊರಿನಿಂದ ಬಂದು ಆರು ತಿಂಗಳು ನಮ್ಮೊಡನಿರುವ ತಂದೆತಾಯಿಯರನ್ನು ಮರೆಯಬಾರದು. ಅವರಿಗೆ ಇಲ್ಲಿ ಕುಟುಂಬವೈದ್ಯರಿಲ್ಲದೆ ಈ ವಿಷಯ ಕೈತಪ್ಪಿಹೋಗುತ್ತದೆ. ಮಳೆಗಾಲದಲ್ಲಿ ಊರಿಗೆ ಹೊರಡುವವರಿಗೆ ಒಂದು ಮಾತು: ಇಲ್ಲಿ ಚಳಿಗಾಲ ಫ್ಲೂ ಕಾಲವಾದರೆ, ಭಾರತದ ಬಹುಭಾಗದಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವೇ ಫ್ಲೂ ಹೆಚ್ಚುವ ಕಾಲ. ಹೊರಡುವ ಮುನ್ನ ನಿಮ್ಮ ವೈದ್ಯರೊಡನೆ ಚರ್ಚಿಸಿರಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಪಿಡುಗಿನ ದಿನ ಬಂದಾಗ ಜನ ಯಾರ ಮಾತು ಕೇಳುತ್ತಾರೆ? ಟಿವಿಯ ಅಧಿಕಾರಿಯ ಮಾತಿಗಿಂತ ತಮ್ಮ ಭಾಷೆಯಲ್ಲಿ, ತಮ್ಮ ಬಳಗದಲ್ಲಿ, ತಾಳ್ಮೆಯಿಂದ ಉತ್ತರಿಸುವವರ ಮಾತನ್ನು. ಉತ್ತರ ಕರ್ನಾಟಕದಲ್ಲಿ ಹಿರಿಯರು ಸುಗ್ಗಿಯ ವರ್ಷ ಹಗೇವು ತುಂಬಿಸಿ ಬರಗಾಲಕ್ಕೆ ಕಾಳು ಕಾಯ್ದಿಡುತ್ತಿದ್ದರು. ನಂಬಿಕೆಯನ್ನೂ ಹಾಗೆಯೇ ಒಳ್ಳೆಯ ದಿನಗಳಲ್ಲಿ ಕೂಡಿಡಬೇಕು. ಲಸಿಕೆಯ ಬಗ್ಗೆ ನಿಮ್ಮ ಮನೆಯಲ್ಲಿ ಸಂದೇಹಗಳಿದ್ದರೆ ಸಂಘದ ವೈದ್ಯ ಸ್ವಯಂಸೇವಕರನ್ನು ಸಂಕೋಚವಿಲ್ಲದೆ ಕೇಳಿರಿ. ಈಗ ಆತುರವಿಲ್ಲ, ಸರದಿಯೂ ಇಲ್ಲ. ಮಾತಾಡಲು ಇದೇ ಸರಿಯಾದ ಕಾಲ.